ಬೇರೆ ದೇಶ ಕಂಪ್ಯೂಟರ್ ಮೂಲಕ ನಮ್ಮ ಕರೆಂಟು ತೆಗೆದರೆ ಅದು ಯುದ್ಧವಾ? ಕಾನೂನು ಏನು ಹೇಳುತ್ತದೆ?

ಬದಿಯಡ್ಕ ಓದುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದಲ್ಲಿ ಮುಂದಿನ ತಿಂಗಳು ಒಂದು ಚರ್ಚೆ ಇದೆ. ವಿಷಯ, "ಸೈಬರ್ ದಾಳಿ ಮಾಡಿದ ದೇಶದ ಮೇಲೆ ಬಾಂಬು ಹಾಕಬಹುದು". ಪರವಾಗಿ ಮಾತಾಡುವವರು ತುಂಬ ಜನ ಇದ್ದಾರೆ. ವಿರುದ್ಧ ಮಾತಾಡಲು ನಾನೊಬ್ಬಳೇ ಹೆಸರು ಕೊಟ್ಟಿದ್ದೇನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಹೆದರಿಕೆಯಾಗಿತ್ತು. ಎಟಿಎಂ ಎರಡು ಮೂರು ದಿನ ಬಂದ್ ಅಂತ ಒಂದು ಸುಳ್ಳು ಸುದ್ದಿ, ಅದರ ಹಿಂದೆಯೇ "ಹಾಗಾದರೆ ನಾವೂ ಬಿಡಬಾರದು" ಅಂತ ಇನ್ನೊಂದು.

ಒಂದು ದೇಶ ಇನ್ನೊಂದು ದೇಶದ ಕರೆಂಟು, ಬ್ಯಾಂಕು, ಆಸ್ಪತ್ರೆಯನ್ನು ಕಂಪ್ಯೂಟರ್ ಮೂಲಕ ನಿಲ್ಲಿಸಿದರೆ ಅದು ಯುದ್ಧ ಆಗುತ್ತದಾ? ಇದಕ್ಕೆ ಕಾನೂನೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ? ತಿಳಿದವರು ಬಿಡಿಸಿ ಹೇಳಿ. ನಡೆದ ಘಟನೆಗಳ ಸಮೇತ ಹೇಳಿದರೆ ಇನ್ನೂ ಒಳ್ಳೆಯದು.

ಕುಂಬಳೆ ವಕೀಲ
ಕಾನೂನೇ ಇಲ್ಲ ಅನ್ನುವುದು ತಪ್ಪು. ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ.

ವಿಶ್ವಸಂಸ್ಥೆಯ ಸನ್ನದು 1945ರದ್ದು. ಆಗ ಕಂಪ್ಯೂಟರ್ ಜಾಲ ಇರಲಿಲ್ಲ. ಆದರೆ 2(4)ನೇ ವಿಧಿ ಯಾವ ಆಯುಧ ಅಂತ ಕೇಳುವುದಿಲ್ಲ. ಒಂದು ದೇಶ ಇನ್ನೊಂದರ ಮೇಲೆ ಬಲಪ್ರಯೋಗ ಮಾಡಬಾರದು, ಅಷ್ಟೇ. 51ನೇ ವಿಧಿ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ, ಆದರೆ ಸಶಸ್ತ್ರ ದಾಳಿ ನಡೆದಾಗ ಮಾತ್ರ. ಈ ಸನ್ನದು ಸೈಬರ್ ವಿಷಯಕ್ಕೂ ಅನ್ವಯ ಆಗುತ್ತದೆ ಅಂತ 2013ರಲ್ಲಿ ವಿಶ್ವಸಂಸ್ಥೆಯ ತಜ್ಞರ ಗುಂಪು ಒಮ್ಮತದಿಂದ ಹೇಳಿತು. ಆ ಗುಂಪಿನಲ್ಲಿ 15 ದೇಶಗಳಿದ್ದವು. ಅಮೆರಿಕ, ರಷ್ಯಾ, ಚೀನಾ ಇದ್ದವು, ಭಾರತವೂ ಇತ್ತು.

ನಿಮ್ಮ ಚರ್ಚೆಗೆ ಬೇಕಾದ ಮುಖ್ಯ ಅಂಶ ಇಲ್ಲಿದೆ. ಎಲ್ಲ ಬಲಪ್ರಯೋಗವೂ ಸಶಸ್ತ್ರ ದಾಳಿ ಅಲ್ಲ. ನಿಕರಾಗುವಾ ಮತ್ತು ಅಮೆರಿಕದ ಮೊಕದ್ದಮೆಯಲ್ಲಿ 1986ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ಹೇಳಿದೆ. ತೀರಾ ಗಂಭೀರವಾದದ್ದು ಮಾತ್ರ ಸಶಸ್ತ್ರ ದಾಳಿ. ಬಾಂಬಿನ ಉತ್ತರ ಅದಕ್ಕೆ ಮಾತ್ರ. ವೆಬ್‌ಸೈಟ್ ಬೀಳಿಸಿದ್ದಕ್ಕೆ, ಕಡತ ಕದ್ದದ್ದಕ್ಕೆ ಅಲ್ಲ.

ಜತ್ತದ ದಾಳಿಂಬೆ
ವಕೀಲ ಸಾಹೇಬ್ರೇ, ಅದೆಲ್ಲ ಕಾಗದದ ಮ್ಯಾಲೆ. 2007ರಲ್ಲಿ ಎಸ್ಟೋನಿಯಾಕ್ಕೆ ಏನಾಯಿತು ನೋಡ್ರಿ. ಟ್ಯಾಲಿನ್ ಊರಾಗ ಸೋವಿಯತ್ ಕಾಲದ ಕಂಚಿನ ಸೈನಿಕನ ಪ್ರತಿಮೆಯನ್ನು ಬೇರೆ ಕಡೆ ಸಾಗಿಸಿದರು. ಆಮೇಲೆ ವಾರಗಟ್ಟಲೆ ಬ್ಯಾಂಕು, ಪತ್ರಿಕೆ, ಸರ್ಕಾರದ ಜಾಲತಾಣ ಎಲ್ಲ ತತ್ತರ. ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ ನ್ಯಾಟೋದ ಸದಸ್ಯ ದೇಶ ಅದು. ಆದರೂ ಯಾರು ಏನು ಮಾಡಿದರು? ಕೊನೆಗೆ ಆ ದೇಶದವನೇ ಒಬ್ಬ ವಿದ್ಯಾರ್ಥಿಗೆ ದಂಡ ಹಾಕಿ ಕೈ ತೊಳೆದುಕೊಂಡರು. ಹೊಡೆಸಿಕೊಂಡವನಿಗೆ ಕಾನೂನಿನಿಂದ ಏನು ಸಿಕ್ಕಿತು?

ಪೆರ್ಲದ ನಿವೃತ್ತ ಮಾಷ್ಟ್ರು
ಏನೂ ಆಗಲಿಲ್ಲ ಅನ್ನಬೇಡಿ. 2008ರಲ್ಲಿ ಅದೇ ಟ್ಯಾಲಿನ್‌ನಲ್ಲಿ ನ್ಯಾಟೋದ ಮಾನ್ಯತೆ ಪಡೆದ ಸೈಬರ್ ರಕ್ಷಣಾ ಕೇಂದ್ರ ಶುರುವಾಯಿತು. ಅದು ಕಾನೂನು ಪಂಡಿತರನ್ನು ಕೂಡಿಸಿ 2013ರಲ್ಲಿ ಟ್ಯಾಲಿನ್ ಕೈಪಿಡಿ ತಂದಿತು. 2017ರಲ್ಲಿ ಎರಡನೇ ಆವೃತ್ತಿ ಬಂತು, 154 ನಿಯಮಗಳು. ಮೊದಲನೆಯದು ಹೆಚ್ಚಾಗಿ ಯುದ್ಧಕಾಲದ ವಿಷಯ. ಎರಡನೆಯದರಲ್ಲಿ ಶಾಂತಿಕಾಲದ ವಿಷಯವೂ ಸೇರಿತು. ದಿನನಿತ್ಯ ನಡೆಯುವುದು ಈ ಎರಡನೇ ಬಗೆಯ ಕಿರುಕುಳವೇ. ಹಾಗಾಗಿ ಅದನ್ನು ಓದಬೇಕು.

ಜತ್ತದ ದಾಳಿಂಬೆ
ಆ ಕೈಪಿಡಿಗೆ ಯಾವ ದೇಶ ಸಹಿ ಹಾಕೇತಿ ಮಾಷ್ಟ್ರೇ?

ಪೆರ್ಲದ ನಿವೃತ್ತ ಮಾಷ್ಟ್ರು
ಯಾವುದೂ ಇಲ್ಲ. ಅದು ತಜ್ಞರ ಅಭಿಪ್ರಾಯ, ಒಪ್ಪಂದ ಅಲ್ಲ. ಯಾರಿಗೂ ಕಟ್ಟುಪಾಡಿಲ್ಲ.

ಚಂದ್ರಗಿರಿ ಬಡಗು
ಅಂದರೆ ನಮ್ಮ ಮಹಾಜನ ವರದಿಯ ಹಾಗೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲೇ ಬರೆದಿದ್ದಾರೆ. ನಾವಿನ್ನೂ ಇಲ್ಲೇ ಇದ್ದೇವೆ.

ಅಕ್ಕಲಕೋಟೆ ಹುಡುಗ
ನಮ್ಮ ಅಕ್ಕಲಕೋಟೆಯೂ ಆ ವರದಿಯಲ್ಲಿ ಕರ್ನಾಟಕಕ್ಕೇ ಇತ್ತು ಅಣ್ಣಾ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಆ ಕೇಸು ನಡೆಯುತ್ತಲೇ ಇದೆ. ಇದರ ಬಗ್ಗೆ ಮಾತಾಡಿದರೆ...

ನಿರ್ವಾಹಕ
ಗಡಿ ವಿಷಯಕ್ಕೆ ಬೇರೆ ಎಳೆ ಇದೆ. ಅಲ್ಲಿಗೆ ಹೋಗಿ. ಇಲ್ಲಿ ಸೈಬರ್ ಮಾತ್ರ.

ಹೊಸೂರು ಕಂಟ್ರೋಲ್ ರೂಮ್
ನಾನು ಕಾರ್ಖಾನೆಯಲ್ಲಿ ಪಿಎಲ್‌ಸಿ ನೋಡಿಕೊಳ್ಳುವವನು. ಯಂತ್ರಗಳನ್ನು ಓಡಿಸುವ ಪುಟ್ಟ ಕಂಪ್ಯೂಟರ್ ಅದು. ವೆಬ್‌ಸೈಟ್ ಬೀಳಿಸುವುದು ಬೇರೆ, ಯಂತ್ರ ಮುರಿಯುವುದು ಬೇರೆ. ಅದನ್ನು ಇಲ್ಲಿ ಹೇಳಲೇಬೇಕು.

ಸ್ಟಕ್ಸ್‌ನೆಟ್ ಅನ್ನುವ ಕುತಂತ್ರಾಂಶ, ಅಂದರೆ ಕೇಡು ಮಾಡುವ ಪ್ರೋಗ್ರಾಂ, 2010ರಲ್ಲಿ ಬೆಳಕಿಗೆ ಬಂತು. ಇರಾನಿನ ನತಾಂಜ್ ಘಟಕದ ಸೀಮೆನ್ಸ್ ಪಿಎಲ್‌ಸಿಗಳ ಒಳಗೆ ಅದು ಕೂತಿತ್ತು. ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗಳ ವೇಗವನ್ನು ಒಮ್ಮೆ ಏರಿಸಿತು, ಒಮ್ಮೆ ಇಳಿಸಿತು. ಆಪರೇಟರ್ ನೋಡುವ ಪರದೆಯಲ್ಲಿ ಮಾತ್ರ ಎಲ್ಲ ಸರಿ ಇದೆ ಅಂತ ತೋರಿಸಿತು. ಹೊರಗಿನ ತಜ್ಞರ ಅಂದಾಜಿನಲ್ಲಿ ಸುಮಾರು 1,000 ಯಂತ್ರಗಳು ಹಾಳಾದವು. ಅಮೆರಿಕ, ಇಸ್ರೇಲ್ ಮಾಡಿದ್ದು ಅಂತ ಪತ್ರಿಕೆಗಳು ಬರೆದವು. ಇಬ್ಬರೂ ಅಧಿಕೃತವಾಗಿ ಒಪ್ಪಿಕೊಂಡಿಲ್ಲ.

ಇನ್ನೊಂದು, ಉಕ್ರೇನಿನದ್ದು. 2015ರ ಡಿಸೆಂಬರ್ 23. ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲದೊಳಗೆ ಕಳ್ಳರು ತಿಂಗಳುಗಟ್ಟಲೆ ಮೊದಲೇ ನುಗ್ಗಿ ಕೂತಿದ್ದರು. ನುಗ್ಗಿದ ದಾರಿ ಒಂದು ಮಾಮೂಲಿ ಇಮೇಲ್ ಲಗತ್ತು. ಆ ದಿನ ಆಪರೇಟರ್ ಕಣ್ಣ ಮುಂದೆಯೇ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು, ಅಂದರೆ ಕರೆಂಟು ಕಡಿಯುವ ದೊಡ್ಡ ಸ್ವಿಚ್‌ಗಳನ್ನು, ತೆರೆಯಿತು. ದೂರು ಹೇಳುವ ಫೋನ್ ಲೈನುಗಳನ್ನೂ ಸುಳ್ಳು ಕರೆಗಳಿಂದ ತುಂಬಿಸಿದರು. ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದಲ್ಲಿ ಗಂಟೆಗಟ್ಟಲೆ ಕರೆಂಟಿಲ್ಲ. ಸಿಬ್ಬಂದಿ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿ ಸರಿಮಾಡಿದರು. ಎಲ್ಲವನ್ನೂ ಆಟೊಮ್ಯಾಟಿಕ್ ಮಾಡಿ ಕೈಯ ಸ್ವಿಚ್ಚನ್ನೇ ತೆಗೆದಿದ್ದರೆ ಅವರ ಗತಿ ಏನು? ಈ ಮಾತನ್ನು ನಾನು ನಮ್ಮಲ್ಲಿ ಎಲ್ಲರಿಗೂ ಹೇಳುತ್ತಾ ಇರುತ್ತೇನೆ.

ಬದಿಯಡ್ಕ ಓದುಗಿ
ಇವೆರಡರಲ್ಲಿ ಯಾವುದು "ಸಶಸ್ತ್ರ ದಾಳಿ"?

ಕುಂಬಳೆ ವಕೀಲ
ಸ್ಟಕ್ಸ್‌ನೆಟ್ ಬಲಪ್ರಯೋಗ ಅಂತ ಟ್ಯಾಲಿನ್ ತಜ್ಞರು ಒಪ್ಪಿದರು. ಸಶಸ್ತ್ರ ದಾಳಿಯಾ ಅನ್ನುವಲ್ಲಿ ಅವರಲ್ಲೇ ಒಡಕು. ನೋಡಿ, ಯಂತ್ರ ಪುಡಿಯಾದರೂ ಒಮ್ಮತ ಇಲ್ಲ! ನೋಡುವುದು ಪರಿಣಾಮವನ್ನು. ಜನ ಸತ್ತರಾ, ಆಸ್ತಿ ನಾಶವಾಯಿತಾ, ಎಷ್ಟು ದೊಡ್ಡ ಮಟ್ಟದಲ್ಲಿ? ಉಕ್ರೇನಿನ ಕರೆಂಟು ಕೆಲವು ಗಂಟೆಗಳಲ್ಲಿ ಬಂತು. ಅದೇ ಒಂದು ಅಣೆಕಟ್ಟಿನ ಗೇಟು ತೆರೆದು ಕೆಳಗಿನ ಹಳ್ಳಿಗಳು ಮುಳುಗಿದರೆ ಯಾರೂ ಅನುಮಾನ ಪಡುವುದಿಲ್ಲ.

ತಾಳವಾಡಿ ಗುಡ್ಡ
ಆದರೆ ಇಸ್ರೇಲ್ 2019ರ ಮೇ ತಿಂಗಳಲ್ಲಿ ಗಾಜಾದಲ್ಲಿ ಒಂದು ಕಟ್ಟಡಕ್ಕೆ ಬಾಂಬ್ ಹಾಕಿತಲ್ಲ? ಹಮಾಸ್‌ನ ಸೈಬರ್ ಗುಂಪು ಅಲ್ಲಿತ್ತು ಅಂತ ಅವರೇ ಹೇಳಿಕೊಂಡರು. ಅಕ್ಕ, ನಿಮ್ಮ ಎದುರಾಳಿಗಳು ಇದನ್ನೇ ಎತ್ತುತ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಿ.

ಕುಂಬಳೆ ವಕೀಲ
ಒಳ್ಳೆಯ ಪ್ರಶ್ನೆ. ಆ ಹೊತ್ತಿಗೆ ಅಲ್ಲಿ ರಾಕೆಟ್, ವಿಮಾನ ದಾಳಿ ಎರಡೂ ನಡೆಯುತ್ತಿದ್ದವು. ಯುದ್ಧ ಆಗಲೇ ನಡೆಯುತ್ತಿದ್ದರೆ ಅಲ್ಲಿ ಬೇರೆ ಕಾನೂನು. ಯಾವುದು ಸೈನಿಕ ಗುರಿ, ಯಾವುದು ನಾಗರಿಕರದ್ದು ಅನ್ನುವ ಪ್ರಶ್ನೆ ಅದು. ಶಾಂತಿ ಇರುವಾಗ ಒಂದು ಸೈಬರ್ ದಾಳಿಗೆ ಬಾಂಬಿನಿಂದ ಯುದ್ಧ ಶುರುಮಾಡಬಹುದು ಅನ್ನುವುದಕ್ಕೆ ಇದು ಉದಾಹರಣೆ ಆಗುವುದಿಲ್ಲ. ಈ ಎರಡನ್ನು ಬೆರೆಸಲು ಬಿಡಬೇಡಿ.

ಅಕ್ಕಲಕೋಟೆ ಹುಡುಗ
ನನಗೆ ಯಾರು ಮಾಡಿದರು ಅನ್ನುವುದೇ ದೊಡ್ಡ ಪ್ರಶ್ನೆ. 2020ರ ಅಕ್ಟೋಬರ್ 12ಕ್ಕೆ ಮುಂಬೈಯಲ್ಲಿ ಕರೆಂಟು ಹೋಯಿತು. ಲೋಕಲ್ ರೈಲು ನಿಂತವು. ನಮ್ಮ ಕಡೆಯ ಎಷ್ಟೋ ಜನ ಅಲ್ಲಿ ಕೆಲಸಕ್ಕಿದ್ದಾರೆ, ಎಲ್ಲರ ಮನೆಯಲ್ಲೂ ಗಾಬರಿ. ಮುಂದಿನ ವರ್ಷ ಅಮೆರಿಕದ ಒಂದು ಕಂಪನಿ ವರದಿ ಕೊಟ್ಟಿತು. ಚೀನಾಕ್ಕೆ ಸಂಬಂಧಪಟ್ಟ ಗುಂಪು ಭಾರತದ ವಿದ್ಯುತ್ ಜಾಲವನ್ನು ಗುರಿ ಮಾಡಿದೆ ಅಂತ ಅದರಲ್ಲಿತ್ತು. ಮಹಾರಾಷ್ಟ್ರದ ಆಗಿನ ಗೃಹ ಸಚಿವರು ಇದು ಸೈಬರ್ ವಿಧ್ವಂಸ ಇರಬಹುದು ಅಂದರು. ಕೇಂದ್ರದ ಆಗಿನ ಇಂಧನ ಸಚಿವ ಆರ್. ಕೆ. ಸಿಂಗ್ ಮನುಷ್ಯರ ತಪ್ಪಿನಿಂದ ಆದದ್ದು ಅಂದರು. ಒಂದೇ ದೇಶದ ಎರಡು ಸರ್ಕಾರಗಳಿಗೇ ಒಮ್ಮತ ಇಲ್ಲ. ಯಾರ ಮೇಲೆ ಬಾಂಬು ಹಾಕುವುದು?

ಬದಿಯಡ್ಕ ಓದುಗಿ
ಇದು ನನ್ನ ಭಾಷಣಕ್ಕೆ ಖಂಡಿತ ಬೇಕು. ಧನ್ಯವಾದ ತಮ್ಮಾ.

ಕುಂಬಳೆ ವಕೀಲ
ಇಲ್ಲಿ ಎರಡು ಹಂತ ಇದೆ. ಯಾವ ಕಂಪ್ಯೂಟರಿನಿಂದ ಬಂತು ಅನ್ನುವುದು ತಾಂತ್ರಿಕ ಪ್ರಶ್ನೆ. ಆ ಕಂಪ್ಯೂಟರ್ ಮುಂದೆ ಕೂತವನ ಕೆಲಸಕ್ಕೆ ಒಂದು ದೇಶ ಹೊಣೆಯಾ ಅನ್ನುವುದು ಕಾನೂನಿನ ಪ್ರಶ್ನೆ. ಸೈನಿಕನೇ ಮಾಡಿದರೆ ಸುಲಭ. ಖಾಸಗಿ ಗುಂಪು ಮಾಡಿದರೆ, ಸರ್ಕಾರದ ಸೂಚನೆ, ನಿರ್ದೇಶನ ಅಥವಾ ನಿಯಂತ್ರಣದಲ್ಲಿ ಮಾಡಿತು ಅಂತ ತೋರಿಸಬೇಕು. ನಿಕರಾಗುವಾ ತೀರ್ಪಿನಲ್ಲಿ ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರಿಗೆ ಅಮೆರಿಕ ಹಣ, ತರಬೇತಿ ಕೊಟ್ಟದ್ದು ಸಾಬೀತಾಯಿತು. ಆದರೂ ಅವರು ಮಾಡಿದ ಪ್ರತಿಯೊಂದು ಕೃತ್ಯಕ್ಕೂ ಅಮೆರಿಕ ಹೊಣೆ ಅಂತ ಕೋರ್ಟು ಹೇಳಲಿಲ್ಲ. ಅಷ್ಟು ಬಿಗಿ ಅಳತೆ ಅದು.

ಜತ್ತದ ದಾಳಿಂಬೆ
ಅದಕ್ಕೇ ಎಲ್ಲರೂ ಖಾಸಗಿ ಗುಂಪು ಸಾಕುತ್ತಾರೆ! ಈ ಅಳತೆ ಕಳ್ಳರಿಗೆ ಅನುಕೂಲ ಆಗೇತಿ. ಇದಕ್ಕೆ ಉತ್ತರ ಕೊಡ್ರಿ.

ಪೆರ್ಲದ ನಿವೃತ್ತ ಮಾಷ್ಟ್ರು
ಉತ್ತರ ಇದೆ. 1946ರಲ್ಲಿ ಅಲ್ಬೇನಿಯಾದ ಕಾರ್ಫು ಕಾಲುವೆಯಲ್ಲಿ ಸಮುದ್ರದಲ್ಲಿಟ್ಟ ಮೈನ್ ಸಿಡಿದು ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಹಾನಿಯಾಯಿತು. 44 ನಾವಿಕರು ಸತ್ತರು. ಮೈನ್ ಇಟ್ಟದ್ದು ಅಲ್ಬೇನಿಯಾವೇ ಅಂತ ಸಾಬೀತಾಗಲಿಲ್ಲ. ಆದರೆ ಅದಕ್ಕೆ ಗೊತ್ತಿಲ್ಲದೆ ಅಲ್ಲಿ ಮೈನ್ ಇಡಲು ಸಾಧ್ಯವೇ ಇಲ್ಲ ಅಂತ 1949ರಲ್ಲಿ ಅದೇ ಹೇಗ್‌ನ ಕೋರ್ಟು ಹೇಳಿತು. ತನ್ನ ನೆಲವನ್ನು ಬೇರೆ ದೇಶಕ್ಕೆ ಕೇಡು ಮಾಡಲು ಬಳಸುವುದು ಗೊತ್ತಿದ್ದೂ ಬಿಡಬಾರದು. ನನ್ನ ಕಂಪೌಂಡಿನ ಒಳಗೆ ನಿಂತು ಯಾರೋ ಪಕ್ಕದ ಮನೆಗೆ ಕಲ್ಲು ಬಿಸಾಡುತ್ತಿದ್ದಾನೆ, ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೇನೆ ಅಂತಿಟ್ಟುಕೊಳ್ಳಿ. ಕಲ್ಲು ನಾನು ಬಿಸಾಡಲಿಲ್ಲ ಅಂದರೆ ಪಕ್ಕದ ಮನೆಯವರು ಒಪ್ಪುತ್ತಾರಾ?

ಸೈಬರಿಗೂ ಇದೇ ಹೊಣೆ ಬರಬೇಕು ಅಂತ ಹಲವು ದೇಶಗಳು ಹೇಳುತ್ತವೆ. 2015ರ ವಿಶ್ವಸಂಸ್ಥೆ ವರದಿಯ 11 ನಡವಳಿಕೆಗಳಲ್ಲಿ ಇದೂ ಇದೆ. ಆದರೆ ಅವು ಸ್ವಯಂಪ್ರೇರಣೆಯ ನಡವಳಿಕೆಗಳು, ಕಡ್ಡಾಯ ಅಲ್ಲ.

ಆದವಾನಿ ಸಿಸ್ಟಂ
ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ಕುತಂತ್ರಾಂಶ, 2017ರ ಮೇ ತಿಂಗಳ ವನ್ನಾಕ್ರೈ ನೆನಪಿದೆಯಾ? ನಮ್ಮ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳು ಸಿಕ್ಕಿಬಿದ್ದವು. ನಿಮ್ಮ ಕೇರಳದಲ್ಲಿ ವಯನಾಡಿನ ಪಂಚಾಯತ್ ಕಚೇರಿಗೂ ಬಂತು. ಆ ವರ್ಷದ ಕೊನೆಗೆ ಅಮೆರಿಕ, ಬ್ರಿಟನ್ ಉತ್ತರ ಕೊರಿಯಾದ ಹೆಸರು ಹೇಳಿದವು. ಆದರೆ ಅದು ಹರಡಲು ಬಳಸಿದ ಸಾಧನ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಮಾಡಿ ಇಟ್ಟುಕೊಂಡದ್ದು. ಅಲ್ಲಿಂದ ಸೋರಿ ಹೊರಬಂತು. ಹಾಗಾದರೆ ಅಮೆರಿಕಕ್ಕೆ ಹೊಣೆ ಇಲ್ಲವಾ? ಇದನ್ನು ಯಾರೂ ಕೇಳುವುದಿಲ್ಲ ಯಾಕೆ?

ಕುಂಬಳೆ ವಕೀಲ
ಕೇಳಬೇಕು. ಕಂಡುಹಿಡಿದ ದೋಷವನ್ನು ಬಚ್ಚಿಡದೆ ಜವಾಬ್ದಾರಿಯಿಂದ ತಿಳಿಸಬೇಕು ಅಂತ ಅದೇ 11ರಲ್ಲಿ ಒಂದಿದೆ. ಪಾಲಿಸುವಂತೆ ಒತ್ತಾಯಿಸುವವರು ಇಲ್ಲ.

ತಾಳವಾಡಿ ಗುಡ್ಡ
ನಮ್ಮ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಸುದ್ದಿಯನ್ನು ಯಾರೂ ಹೇಳಲಿಲ್ಲ. 2019ರಲ್ಲಿ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಮೊದಲು ಇಲ್ಲ ಅಂದರು, ಮರುದಿನವೇ ಅಕ್ಟೋಬರ್ 30ಕ್ಕೆ ಅಣುವಿದ್ಯುತ್ ನಿಗಮ ಹೌದು ಅಂತ ಒಪ್ಪಿತು. ಆಡಳಿತ ಕೆಲಸದ ಜಾಲದಲ್ಲಿದ್ದದ್ದು, ಸ್ಥಾವರ ನಡೆಸುವ ವ್ಯವಸ್ಥೆಗೆ ತಗಲಿಲ್ಲ ಅಂದರು. ಮಾಹಿತಿ ಕದಿಯಲು ಬಂದದ್ದು. ಇದು ಯುದ್ಧವಾ?

ಕುಂಬಳೆ ವಕೀಲ
ಬೇಹುಗಾರಿಕೆ ಮಾಡಬಾರದು ಅಂತ ನೇರವಾಗಿ ಹೇಳುವ ಅಂತಾರಾಷ್ಟ್ರೀಯ ಕಾನೂನು ಇಲ್ಲ. ಎಲ್ಲರೂ ಮಾಡುತ್ತಾರೆ, ಎಲ್ಲರೂ ತಮ್ಮ ದೇಶದೊಳಗೆ ಅದನ್ನು ಅಪರಾಧ ಅನ್ನುತ್ತಾರೆ. ಕಷ್ಟ ಏನೆಂದರೆ, ಕದಿಯಲು ತೆರೆದ ಬಾಗಿಲಿನಿಂದಲೇ ನಾಳೆ ಮುರಿಯಲೂ ಬರಬಹುದು.

ಮಂಜೇಶ್ವರ ಅಮ್ಮ
ಇಷ್ಟೆಲ್ಲ ಮಾತಾಡುತ್ತೀರಿ, ಒಂದು ವಿಷಯ ಕೇಳಿ. ನಮ್ಮ ಹತ್ತಿರದ ಒಂದು ಕಚೇರಿಯಲ್ಲಿ ಸೈಬರ್ ವಂಚನೆಯ ಎಚ್ಚರಿಕೆ ಬೋರ್ಡು ಹಾಕಿದ್ದಾರೆ. ಪೂರ್ತಿ ಮಲಯಾಳ. ನನ್ನ ಅತ್ತೆಗೆ ಒಂದಕ್ಷರ ಓದಲು ಬರುವುದಿಲ್ಲ. ಕನ್ನಡದಲ್ಲೂ ಹಾಕಿ ಅಂತ ಅರ್ಜಿ ಕೊಟ್ಟಿದ್ದೇವೆ.

ಚಂದ್ರಗಿರಿ ಬಡಗು
ಅರ್ಜಿಯ ಪ್ರತಿ ಇಟ್ಟುಕೊಳ್ಳಿ ಅಕ್ಕ. ನಮ್ಮದು ಭಾಷಾ ಅಲ್ಪಸಂಖ್ಯಾತ ಪ್ರದೇಶ, ಕೇಳುವ ಹಕ್ಕಿದೆ. ಅಷ್ಟರವರೆಗೆ ಅತ್ತೆಗೆ 1930 ನಂಬರ್ ಹೇಳಿಕೊಡಿ, ಹಣ ಹೋದರೆ ತಕ್ಷಣ ಕರೆ ಮಾಡಬೇಕು.

ಬದಿಯಡ್ಕ ಓದುಗಿ
ಬಾಂಬು ಬೇಡ ಅಂದರೆ ಮತ್ತೇನು ಮಾಡಬೇಕು ಅಂತ ಎದುರಾಳಿಗಳು ಕೇಳುತ್ತಾರೆ. ಸುಮ್ನೆ ಕೂರಬೇಕಾ?

ಪೆರ್ಲದ ನಿವೃತ್ತ ಮಾಷ್ಟ್ರು
ಸುಮ್ನೆ ಯಾಕೆ ಕೂರಬೇಕು? 2022ರ ಜುಲೈಯಲ್ಲಿ ಅಲ್ಬೇನಿಯಾದ ಸರ್ಕಾರಿ ಸೇವೆಗಳ ಮೇಲೆ ದಾಳಿಯಾಯಿತು. ಕಾರ್ಫು ಮೊಕದ್ದಮೆಯ ಅದೇ ಅಲ್ಬೇನಿಯಾ. ತನಿಖೆ ಮಾಡಿ, ಇರಾನ್ ಹೊಣೆ ಅಂತ ಹೇಳಿ, ಸೆಪ್ಟೆಂಬರಿನಲ್ಲಿ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ರಾಯಭಾರ ಕಚೇರಿಯವರಿಗೆ 24 ಗಂಟೆ ಗಡುವು. ಒಂದು ಗುಂಡು ಹಾರಲಿಲ್ಲ.

ಕುಂಬಳೆ ವಕೀಲ
ಅದರ ಮೇಲಿನ ಮೆಟ್ಟಿಲು ಪ್ರತಿಕ್ರಮ. ಎದುರಿನ ದೇಶ ಕಾನೂನು ಮುರಿದಿದ್ದರೆ, ಅದನ್ನು ದಾರಿಗೆ ತರಲು ನಾವೂ ಒಂದು ಕಟ್ಟುಪಾಡನ್ನು ತಾತ್ಕಾಲಿಕವಾಗಿ ಬದಿಗಿಡಬಹುದು. ಷರತ್ತುಗಳಿವೆ. ಆದ ನಷ್ಟಕ್ಕೆ ತಕ್ಕಷ್ಟೇ ಇರಬೇಕು. ಸೇಡಿಗಾಗಿ ಮಾಡಬಾರದು. ಬಲಪ್ರಯೋಗ ಆಗಬಾರದು. ಅಂದರೆ ದಾಳಿ ಮಾಡುತ್ತಿರುವ ಅವರ ಸರ್ವರ್ ಕಂಪ್ಯೂಟರನ್ನು ನಾವು ನಿಲ್ಲಿಸಬಹುದು, ಅವರ ಆಸ್ಪತ್ರೆಯ ಕರೆಂಟು ತೆಗೆಯುವಂತಿಲ್ಲ.

ಜತ್ತದ ದಾಳಿಂಬೆ
ಇದನ್ನು ಒಪ್ಪುತ್ತೇನೆ. ಆದರೆ ಕಾನೂನು ಮುರಿದದ್ದು ಯಾವಾಗ ಅಂತ ಗೊತ್ತಾಗಬೇಕಲ್ಲ? ಬ್ರಿಟನ್ನಿನ ಅಟಾರ್ನಿ ಜನರಲ್ 2018ರಲ್ಲಿ ಹೇಳಿದ್ದೇನು? ಬರೀ ಸಾರ್ವಭೌಮತ್ವದಿಂದ ಸೈಬರ್ ಚಟುವಟಿಕೆಗೆ ಬೇರೆ ನಿಷೇಧ ಹುಟ್ಟುವುದಿಲ್ಲ ಅಂತ. ಮುಂದಿನ ವರ್ಷ ಫ್ರಾನ್ಸ್ ಪೂರ್ತಿ ಉಲ್ಟಾ ಹೇಳಿತು. ದೊಡ್ಡವರು ಬೇಕಂತಲೇ ಮಸುಕಾಗಿ ಇಟ್ಟಾರ.

ನನ್ನ ಸಿಟ್ಟಿಗೆ ಕಾರಣ ಐತ್ರಿ. 2017ರ ಜೂನ್ 27ಕ್ಕೆ ನಾಟ್‌ಪೆಟ್ಯಾ ಅನ್ನೋ ಕುತಂತ್ರಾಂಶ ಬಂತು. ಉಕ್ರೇನಿನ ಲೆಕ್ಕಪತ್ರದ ಒಂದು ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊರಟಿದ್ದು ಮೇರ್ಸ್ಕ್ ಹಡಗು ಕಂಪನಿಯನ್ನು ಮಲಗಿಸಿತು. ಮುಂಬೈ ಹತ್ತಿರದ ಜವಾಹರಲಾಲ್ ನೆಹರು ಬಂದರಿನಲ್ಲಿ ಅವರ ಟರ್ಮಿನಲ್ ನಿಂತಿತು. ನಮ್ಮ ಕಡೆಯ ದ್ರಾಕ್ಷಿ, ದಾಳಿಂಬೆ ಪರದೇಶಕ್ಕೆ ಹೋಗೋದು ಅದೇ ಬಂದರಿನಿಂದ. ರಷ್ಯಾ, ಉಕ್ರೇನ್ ಜಗಳಕ್ಕೂ ನಮ್ಮ ರೈತನಿಗೂ ಏನು ಸಂಬಂಧ? ಎಂಟು ತಿಂಗಳಾದ ಮೇಲೆ ರಷ್ಯಾದ ಸೇನೆ ಮಾಡಿದ್ದು ಅಂತ ಅಮೆರಿಕ, ಬ್ರಿಟನ್ ಹೇಳಿದವು. ರಷ್ಯಾ ಒಪ್ಪಲಿಲ್ಲ. ಪರಿಹಾರ ಯಾರು ಕೊಟ್ಟರು?

ಆದವಾನಿ ಸಿಸ್ಟಂ
ಅದೇ ದಾಳಿಯಲ್ಲಿ ಅಮೆರಿಕದ ಮರ್ಕ್ ಔಷಧಿ ಕಂಪನಿಗೂ ನಷ್ಟವಾಯಿತು, 140 ಕೋಟಿ ಡಾಲರ್. ಇದು ಯುದ್ಧದ ಕೃತ್ಯ, ಪಾಲಿಸಿಯಲ್ಲಿ ಬರುವುದಿಲ್ಲ ಅಂದರು ವಿಮೆಯವರು. ಅಲ್ಲಿನ ನ್ಯೂಜೆರ್ಸಿ ಕೋರ್ಟು ಒಪ್ಪಲಿಲ್ಲ, 2023ರಲ್ಲಿ ಮೇಲ್ಮನವಿಯಲ್ಲೂ ಕಂಪನಿಯೇ ಗೆದ್ದಿತು. ಆಮೇಲೆ ಎಷ್ಟೋ ವಿಮೆಯವರು ಪಾಲಿಸಿಯಲ್ಲಿ ಸೈಬರ್ ಯುದ್ಧ ಅಂತಲೇ ಷರತ್ತು ಸೇರಿಸಿದರು. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಸಣ್ಣ ಸೊಸೈಟಿ, ಸಣ್ಣ ರಫ್ತುದಾರ ಎಲ್ಲಿಗೆ ಹೋಗಬೇಕು?

ಹೊಸೂರು ಕಂಟ್ರೋಲ್ ರೂಮ್
ಭಾರತದ ನಿಲುವು ಏನು ವಕೀಲರೇ?

ಕುಂಬಳೆ ವಕೀಲ
ಅಂತಾರಾಷ್ಟ್ರೀಯ ಕಾನೂನು ಸೈಬರಿಗೂ ಅನ್ವಯ ಆಗುತ್ತದೆ ಅನ್ನುವುದನ್ನು ಒಪ್ಪಿದೆ. ಆದರೆ ಫ್ರಾನ್ಸ್, ಜರ್ಮನಿ, ಜಪಾನ್ ಹಾಗೆ ಹೇಗೆ ಅನ್ವಯ ಆಗುತ್ತದೆ ಅಂತ ಸವಿವರ ದಾಖಲೆ ಹೊರಡಿಸಿಲ್ಲ. ಆಫ್ರಿಕನ್ ಒಕ್ಕೂಟ ಕೂಡ 2024ರಲ್ಲಿ ಹೊರಡಿಸಿತು. ಬಾಯಿ ಕಟ್ಟಿಕೊಳ್ಳದಿದ್ದರೆ ನಮಗೆ ಸ್ವಾತಂತ್ರ್ಯ ಜಾಸ್ತಿ ಅನ್ನುವ ವಾದ ಇದೆ. ನಾನು ಒಪ್ಪುವುದಿಲ್ಲ. ದಾಳಿಗೆ ಸಿಗುವವರ ಸಾಲಿನಲ್ಲಿ ನಾವು ಮುಂದೆ ಇದ್ದೇವೆ. ಯಾವ ಗೆರೆ ದಾಟಿದರೆ ನಾವು ಏನು ಮಾಡುತ್ತೇವೆ ಅಂತ ಮೊದಲೇ ಹೇಳಿಟ್ಟರೆ ನಮಗೇ ಲಾಭ.

ತಾಳವಾಡಿ ಗುಡ್ಡ
ಗೆರೆ ಹೇಳಿಬಿಟ್ಟರೆ ಎದುರಿನವನು ಅದರ ಒಂದಿಂಚು ಈಚೆಗೆ ನಿಂತು ಹೊಡೆಯುತ್ತಾನೆ. ಗುಟ್ಟು ಇರುವುದೇ ಮೇಲು.

ಕುಂಬಳೆ ವಕೀಲ
ಈಗ ಗೆರೆಯೇ ಇಲ್ಲದೆ ಎಲ್ಲ ಕಡೆಯಿಂದಲೂ ಹೊಡೆಯುತ್ತಿದ್ದಾರಲ್ಲ ಮಾರಾಯರೇ.

ಅಕ್ಕಲಕೋಟೆ ಹುಡುಗ
2025ರ ಮೇ ತಿಂಗಳ ಸಂಘರ್ಷದ ಹೊತ್ತಿಗೆ ಸುಮಾರು 15 ಲಕ್ಷ ಸೈಬರ್ ದಾಳಿ ಬಂದವು, ಯಶಸ್ವಿಯಾದದ್ದು 150 ಅಂತ ಮಹಾರಾಷ್ಟ್ರ ಸೈಬರ್ ವಿಭಾಗ ಹೇಳಿತ್ತು. ಬಾಗಿಲು ತಟ್ಟಿದ್ದನ್ನೂ ಒಡೆದದ್ದನ್ನೂ ದಾಳಿ ಅಂತ ಎಣಿಸಿದರೆ ಜನ ಸುಮ್ನೆ ಹೆದರುತ್ತಾರೆ. ಅಕ್ಕ, ಭಾಷಣದಲ್ಲಿ ಆ 150ರ ಬಗ್ಗೆ ಕೇಳಿ. ಯಾರದ್ದು, ಏನು ಹಾನಿ?

ಮಂಜೇಶ್ವರ ಅಮ್ಮ
ಇನ್ನೊಂದು ನನ್ನ ಚಿಂತೆ. ಆ ದಿನಗಳಲ್ಲಿ ನಮ್ಮ ನೆರೆಮನೆಯ ಕಾಲೇಜು ಹುಡುಗ ಟೆಲಿಗ್ರಾಂ ಗುಂಪು ಸೇರಿದ್ದ. ಪಾಕಿಸ್ತಾನದ ವೆಬ್‌ಸೈಟ್ ಬೀಳಿಸುತ್ತೇವೆ ಅಂತ ಹೆಮ್ಮೆಯಿಂದ ಹೇಳುತ್ತಿದ್ದ. ಈಗಲೂ ಬಿಟ್ಟಿಲ್ಲ. ದೇಶಕ್ಕಾಗಿ ಮಾಡಿದರೆ ತಪ್ಪಿಲ್ಲ ಅನ್ನುತ್ತಾನೆ. ತಪ್ಪಿಲ್ಲವಾ?

ಕುಂಬಳೆ ವಕೀಲ
ತಪ್ಪಿದೆ ಅಮ್ಮ. ಅವನಿಗೆ ಇದನ್ನು ತೋರಿಸಿ. ಒಡೆಯನ ಅನುಮತಿ ಇಲ್ಲದೆ, ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಕಂಪ್ಯೂಟರಿಗೆ ನುಗ್ಗಿದರೆ, ಕೆಡಿಸಿದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಇದೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ದೇಶಕ್ಕಾಗಿ ಮಾಡಿದೆ ಅನ್ನುವುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆ ಹೀಗೆ ಸಾವಿರಾರು ಹುಡುಗರು ಸೇರಿದರು. ಅದನ್ನು ನೋಡಿಯೇ ರೆಡ್‌ಕ್ರಾಸ್ 2023ರಲ್ಲಿ ಇಂಥವರಿಗೆ ಎಂಟು ನಿಯಮ ಹೇಳಿತು. ನಾಗರಿಕರ ವಸ್ತುಗಳ ಮೇಲೆ ದಾಳಿ ಮಾಡಬೇಡಿ, ಆಸ್ಪತ್ರೆ ಮುಟ್ಟಬೇಡಿ, ತಾನಾಗಿ ಎಲ್ಲೆಲ್ಲೂ ಹರಡುವ ಕುತಂತ್ರಾಂಶ ಬಿಡಬೇಡಿ, ಎದುರಿನವರು ಪಾಲಿಸದಿದ್ದರೂ ನೀವು ಪಾಲಿಸಿ. ಯುದ್ಧದಲ್ಲಿ ನೇರವಾಗಿ ಕೈಹಾಕಿದ ನಾಗರಿಕ ಅಷ್ಟು ಹೊತ್ತು ನಾಗರಿಕನ ರಕ್ಷಣೆ ಕಳೆದುಕೊಳ್ಳುತ್ತಾನೆ. ಅದು ಅವನ ಮನೆಯವರಿಗೂ ಅಪಾಯ.

ಪೆರ್ಲದ ನಿವೃತ್ತ ಮಾಷ್ಟ್ರು
ನಾನು ಹೇಳಿದ ಕಾರ್ಫು ನಿಯಮ ನಮಗೂ ಅನ್ವಯ ಆಗುತ್ತದೆ. ಅವನು ಮಂಜೇಶ್ವರದಲ್ಲಿ ಕೂತು ಮಾಡಿದ್ದಕ್ಕೆ ನಾಳೆ ಭಾರತ ಉತ್ತರ ಹೇಳಬೇಕಾದೀತು.

ಹೊಸೂರು ಕಂಟ್ರೋಲ್ ರೂಮ್
ಹುಡುಗನಿಗೆ ಆಸಕ್ತಿ ಇದ್ದರೆ ರಕ್ಷಣೆಯ ಕೆಲಸ ಕಲಿಯಲಿ. ಕಾರ್ಖಾನೆಗಳಲ್ಲಿ ಪಿಎಲ್‌ಸಿ ಭದ್ರತೆ ಗೊತ್ತಿರುವವರು ಸಿಗುವುದೇ ಇಲ್ಲ. ಅಮ್ಮ, ಅವನಿಗೆ ನನಗೆ ಇಲ್ಲೇ ಸಂದೇಶ ಹಾಕಲು ಹೇಳಿ. ಎಲ್ಲಿಂದ ಶುರುಮಾಡಬೇಕು ಅಂತ ನಾನು ಹೇಳಿಕೊಡುತ್ತೇನೆ.

ಮಂಜೇಶ್ವರ ಅಮ್ಮ
ಇವತ್ತೇ ಹೇಳುತ್ತೇನೆ ಅಣ್ಣ. ಆ ಎಂಟು ನಿಯಮ ಕನ್ನಡದಲ್ಲಿ ಯಾರಾದರೂ ಪೂರ್ತಿ ಬರೆದು ಹಾಕುತ್ತೀರಾ?

ಬದಿಯಡ್ಕ ಓದುಗಿ
ನಾನು ಬರೆಯುತ್ತೇನೆ. ಭಾನುವಾರದೊಳಗೆ ಹಾಕುತ್ತೇನೆ. ವಕೀಲರೇ, ತಪ್ಪಿದ್ದರೆ ತಿದ್ದಿಕೊಡಿ.